ಒದ್ದೆಯಾಗದ ಬಟ್ಟೆ

ಗುಡುಸಾಬನ ಬಲಗಾಲಿನ ಅಂಗಾಲಿಗೆ ಸ್ಪರ್ಶ ಇರಲಿಲ್ಲ. ಸಕ್ಕರೆ ಕಾಯಿಲೆ ಬಂದು ವರ್ಷಗಳಾಗಿದ್ದವು. ಮೊದಲು ಬೆರಳ ತುದಿ ಜುಮ್ಮೆನ್ನುತ್ತಿತ್ತು, ಆಮೇಲೆ ಜುಮ್ಮೆನ್ನುವುದೂ ನಿಂತಿತು. ನಿಂತಾಗ ಅವನು ಗುಣವಾಯಿತೆಂದೇ ತಿಳಿದುಕೊಂಡ. ಒಂದು ದಿನ ಧಾರಾವಿಯ ಗಲ್ಲಿಯಲ್ಲಿ ಮನೆಗೆ ಬರುತ್ತಿದ್ದಾಗ ಹಿಂದಿನಿಂದ ಯಾರೋ "ಚಾಚಾ, ಚಪ್ಪಲ್!" ಎಂದು ಕೂಗಿದರು. ತಿರುಗಿ ನೋಡಿದರೆ ಅವನದೇ ಚಪ್ಪಲಿ ಗಟಾರದ ಕಲ್ಲಿನ ಮೇಲೆ ಬಿದ್ದಿತ್ತು. ಕಳಚಿದ್ದು ಕಾಲಿಗೇ ಗೊತ್ತಾಗಿರಲಿಲ್ಲ.

ಈ ಸಂಗತಿ ತಿಳಿದಿದ್ದವಳು ಹೆಂಡತಿ ಹಜರತಬಿ ಒಬ್ಬಳೇ. ಅದೂ ಅವನು ಹೇಳಿ ತಿಳಿದದ್ದಲ್ಲ. ಚಾಪೆಯ ಮೇಲೆ ಮಲಗಿದ್ದವನ ಅಂಗಾಲಿನಲ್ಲಿ ತಗಡಿನ ಚೂರೊಂದು ನೆಟ್ಟಿದ್ದನ್ನು ಅವಳು ಕಂಡು, ಚಿಮಟಿಗೆಯಿಂದ ಕಿತ್ತು, ಅರಿಶಿನ ಮೆತ್ತಿದಳು. ಅಷ್ಟೆಲ್ಲ ಆದರೂ ಅವನು ಮೊಬೈಲ್ ನೋಡುತ್ತಲೇ ಇದ್ದ.

"ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ," ಎಂದಳು ಹಜರತಬಿ. "ಕಾಲು ಯಾರಿಗೆ ಕಾಣಸ್ತದ? ಶೆಟ್ರಿಗೆ ಕಾಣೋದು ಗಾಡಿ."

ಶೆಟ್ಟರೆಂದರೆ ಕಾಶಿನಾಥ ಶೆಟ್ಟರು. ಸಾಂತಾಕ್ರೂಜ್ ಸ್ಟೇಷನ್ನಿನ ಹತ್ತಿರ ಅವರ ಹೋಟೆಲು, ದಹಿಸರಿನಲ್ಲಿ ಅದರ ಬ್ರಾಂಚು. ಇಂಡಿ ತಾಲೂಕಿನಿಂದ ಬಂದ ಗುಡುಸಾಬ ಅವರಲ್ಲಿ ಡ್ರೈವರ್. ಇಡ್ಲಿ, ವಡೆ ಆಯಾ ಜಾಗದಲ್ಲೇ ಆಗುತ್ತಿದ್ದವು. ಸಾಂಬಾರು ಮಾತ್ರ ಸಾಂತಾಕ್ರೂಜಿನಲ್ಲೇ, ಶೆಟ್ಟರ ತಾಯಿ ಶೀಲಾವತಿಯಮ್ಮನ ಕಣ್ಣೆದುರೇ ಕುದಿಯಬೇಕು. ಮಸಾಲೆಯ ಅಳತೆಯನ್ನು ಆಕೆ ದಹಿಸರಿನ ಭಟ್ಟಿಯ ಅಡುಗೆಯವರಿಗೆ ಬಿಟ್ಟುಕೊಟ್ಟಿರಲಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ದೊಡ್ಡ ಸ್ಟೀಲ್ ಪಾತ್ರೆಗಳಲ್ಲಿ ಸಾಂಬಾರು ಹೈವೇ ಹಿಡಿದು ದಹಿಸರಿಗೆ ಹೋಗುತ್ತಿತ್ತು. ಪಾತ್ರೆಯ ಬಾಯಿಗೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಮುಚ್ಚಳ, ಮುಚ್ಚಳದ ಸುತ್ತ ಹಳೆಯ ಟ್ಯೂಬು ಕತ್ತರಿಸಿ ಮಾಡಿದ ರಬ್ಬರು.

ದಹಿಸರಿನಲ್ಲಿ ಪಾತ್ರೆ ಇಳಿಸಿಕೊಳ್ಳುವ ಭಟ್ಟಿಯ ದೂಜಣ್ಣ ಮೊದಲು ಮಾಡುವ ಕೆಲಸ ಬಟ್ಟೆ ಮುಟ್ಟಿ ನೋಡುವುದು. ಒದ್ದೆಯಾಗಿದ್ದರೆ ಡ್ರೈವರ್ ಅಡ್ಡಾದಿಡ್ಡಿ ಓಡಿಸಿದ್ದಾನೆ. ಒಣಗಿದ್ದರೆ ಡ್ರೈವರ್ ಡ್ರೈವರೇ. ಆ ಹೋಟೆಲಿನಲ್ಲಿ ಡ್ರೈವರುಗಳನ್ನು ಅಳೆಯಲು ಬೇರೆ ಅಳತೆಗೋಲು ಇರಲಿಲ್ಲ. ಲೈಸೆನ್ಸನ್ನಾದರೂ ಶೆಟ್ಟರು ಯಾವತ್ತು ನೋಡಿದ್ದರೋ ಏನೋ, ಬಟ್ಟೆಯ ಸುದ್ದಿಯನ್ನು ದಿನಾ ಫೋನಿನಲ್ಲಿ ಕೇಳುತ್ತಿದ್ದರು. ಗುಡುಸಾಬನ ಬಟ್ಟೆ ಒದ್ದೆಯಾದ ದಾಖಲೆ ಇರಲಿಲ್ಲ.

ಹಳೆಯ ವ್ಯಾನಿದ್ದಾಗ ಕಾಲು ಹೇಳದ್ದನ್ನು ಕಿವಿ ಹೇಳುತ್ತಿತ್ತು. ಆಕ್ಸಿಲರೇಟರ್ ಎಷ್ಟು ಒತ್ತಿದೆ ಎಂಬುದನ್ನು ಇಂಜಿನ್ನೇ ಕಿರುಚಿ ತಿಳಿಸುತ್ತಿತ್ತು. ಈ ವರ್ಷ ಶೆಟ್ಟರು ಏಳು ಸೀಟಿನ ಹೊಸ ಕಾರು ತಂದರು. ಹಿಂದಿನ ಸೀಟು ಮಡಚಿದರೆ ಪಾತ್ರೆಗಳಿಗೆ ಜಾಗ, ಮುಂದೆ ಅಮ್ಮನಿಗೆ ಎಸಿ. ಕ್ಲಚ್ ಇಲ್ಲ, ಸದ್ದೂ ಇಲ್ಲ. ಗುಡುಸಾಬನಿಗೆ ಕಾಲಿನ ಜೊತೆ ಕಿವಿಯೂ ಹೋದಂತಾಯಿತು. ಆದರೂ ಬಟ್ಟೆ ಒಣಗಿಯೇ ಇತ್ತು, ಹಾಗಾಗಿ ಯಾರೂ ಏನೂ ಕೇಳಲಿಲ್ಲ.

ಜುಲೈ ತಿಂಗಳ ಒಂದು ಬೆಳಿಗ್ಗೆ, ಜೋರು ಮಳೆಯಲ್ಲಿ ಅದು ನಡೆಯಿತು. ಜೋಗೇಶ್ವರಿ ದಾಟಿ ಫ್ಲೈಓವರ್ ಇಳಿಯುವಾಗ ಮುಂದಿದ್ದ ಟೆಂಪೋ ಗುಂಡಿ ಕಂಡು ಗಕ್ಕನೆ ನಿಂತಿತು. ಗುಡುಸಾಬ ಸ್ಟೀರಿಂಗನ್ನು ಬಲಕ್ಕೆ ಎಳೆದ. ಗಾಡಿಯ ಹಿಂಭಾಗ ನೀರಿನ ಮೇಲೆ ಎಡಕ್ಕೆ ಜಾರಿತು, ಮೂತಿ ಡಿವೈಡರಿನ ಕಡೆ ತಿರುಗಿತು. ಅಂದು ದಹಿಸರಿನ ಹೋಟೆಲು ನೋಡಲು ಜೊತೆಗೆ ಹೊರಟು ಪಕ್ಕದಲ್ಲಿ ಕೂತಿದ್ದ ಶೀಲಾವತಿಯಮ್ಮ "ಅಯ್ಯೋ ದೈವವೇ" ಎಂದಳು. ಅಷ್ಟರಲ್ಲಿ ಗಾಡಿಯ ಕೆಳಗಿನಿಂದ ಕಟಕಟ ಎಂಬ ಸದ್ದು ಬಂತು, ಮೀಟರಿನ ಹತ್ತಿರ ಹಳದಿ ಬಣ್ಣದ್ದೇನೋ ಮಿಣಮಿಣ ಹೊಳೆಯಿತು. ಯಾರೋ ಮೂಗುದಾರ ಹಿಡಿದು ಜಗ್ಗಿದ ಹಾಗೆ ಗಾಡಿ ಮೂತಿ ತಿರುಗಿಸಿಕೊಂಡು ನೆಟ್ಟಗೆ ಮುಂದೆ ಹೋಯಿತು. ಟೆಂಪೋ ಹಿಂದೆ ಉಳಿಯಿತು.

ದಹಿಸರಿನಲ್ಲಿ ದೂಜಣ್ಣ ಬಟ್ಟೆ ಮುಟ್ಟಿದ. ಒಣಗಿತ್ತು.

"ಎಂತ ಮಾರಾಯ ನಿನ್ನ ಕೈ!" ಎಂದ. "ನನಗೆ ಕಲ್ಲಿನ ಮುಂದೆ ಕೂತು ಅರೀಲಿಕ್ಕೆ ಸಹ ಇಷ್ಟು ಸಮ ಬರೂದಿಲ್ಲ."

"ಕೈ ಅಲ್ಲ ಮಾರಾಯ, ಕಾಲು," ಎಂದಳು ಶೀಲಾವತಿಯಮ್ಮ. "ಸಾಯ್ಬರು ಬ್ರೇಕ್ ಹಾಕಿದ ಚಂದ ನೀನು ನೋಡಬೇಕಿತ್ತು."

ಗುಡುಸಾಬ ಇನ್ನೊಂದು ಪಾತ್ರೆಯ ರಬ್ಬರು ಬಿಚ್ಚಿದ. ಬ್ರೇಕ್ ಹಾಕಿದೆನೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಹಾಕಬೇಕೆಂದು ಮನಸ್ಸು ಹೇಳಿದ್ದು ನೆನಪಿತ್ತು. ಕಾಲು ಎಲ್ಲಿ ಹೋಗಿ ಕೂತಿತ್ತು ಎಂಬುದನ್ನು ಯಾರನ್ನು ಕೇಳುವುದು?

ಸಂಜೆ ಸಾಂತಾಕ್ರೂಜ್ ಹೋಟೆಲಿನ ದುಡ್ಡಿನ ಗಲ್ಲೆಯ ಹತ್ತಿರ ಇದೇ ಮಾತು. ಶೆಟ್ಟರ ಮಗಳು ಯಕ್ಷಿತಾ ಕಾಲೇಜಿನಿಂದ ಬಂದು ಅಜ್ಜಿಯ ಕತೆಯನ್ನು ಪೂರ್ತಿ ಕೇಳಿದಳು. ಅವಳ ಕನ್ನಡ ಅಜ್ಜಿಗಾಗಿ ಇಟ್ಟುಕೊಂಡದ್ದು, ನಡುನಡುವೆ ತಡವರಿಸುತ್ತಿತ್ತು.

"ಚಾಚಾ, ಹಳದಿ ಲೈಟ್ ಬ್ಲಿಂಕ್ ಆಯ್ತಾ? ಕಾರಿನ ಚಿತ್ರ, ಕೆಳಗೆ ಹಾವಿನ ಹಾಗೆ ಲೈನ್?"

"ಆತು ಬೇಟಿ. ಏನೋ ಕೆಟ್ಟದ ಅಂತ ತಿಳಕೊಂಡೆ."

"ಕೆಟ್ಟಿಲ್ಲ. ಅದು ಕೆಲಸ ಮಾಡ್ತಾ ಇತ್ತು. ಇಎಸ್‌ಸಿ." ಅವಳು ಬಿಲ್ಲಿನ ಡಬ್ಬಿಯನ್ನು ಗಲ್ಲೆಯ ಮೇಲೆ ಕಾರಿನಂತೆ ಜಾರಿಸಿ ತೋರಿಸಿದಳು. "ನೀವು ಸ್ಟೀರಿಂಗ್ ಎಷ್ಟು ತಿರುಗಿಸಿದ್ರಿ ಅಂತ ಒಂದು ಸೆನ್ಸರ್ ನೋಡ್ತದೆ. ಗಾಡಿ ಸಚ್‌ಮುಚ್ ಎಷ್ಟು ತಿರುಗ್ತಾ ಇದೆ ಅಂತ ಇನ್ನೊಂದು ನೋಡ್ತದೆ. ಎರಡೂ ಮ್ಯಾಚ್ ಆಗ್ಲಿಲ್ಲ ಅಂದ್ರೆ ಸ್ಕಿಡ್. ಆಗ ಅದು ಯಾವುದಾದ್ರೂ ಒಂದೇ ಚಕ್ರಕ್ಕೆ ಬ್ರೇಕ್ ಹಾಕಿ ಗಾಡೀನ ಸೀದಾ ಮಾಡ್ತದೆ. ಇಂಜಿನ್ ಪವರ್ ಕೂಡ ಕಮ್ಮಿ ಮಾಡ್ತದೆ. ಆಪ್ ಕಾ ಪೈರ್ ಕಹೀಂ ಭೀ ಹೋ."

ಕಾಲು ಎಲ್ಲಿದ್ದರೂ. ಗುಡುಸಾಬನ ಕಿವಿಗೆ ಉಳಿದದ್ದು ಅದೊಂದೇ ಮಾತು.

"ನಮ್ಮೂರಾಗ ಬಂಡಿ ಹೊಳ್ಳಸಬೇಕಂದ್ರ ಒಂದ ಎತ್ತಿನ ಹಗ್ಗ ಜಗ್ಗತೀವಿ, ಇನ್ನೊಂದಕ್ಕ ಸಡಲ ಬಿಡತೀವಿ," ಎಂದ ಅವನು. "ಹಂಗೇನು?"

"ಐ ಥಿಂಕ್, ಹಾಗೇ."

"ಮತ್ತ ಹಗ್ಗ ಯಾರ ಕೈಯಾಗ ಇರತದ?"

"ಕಂಪ್ಯೂಟರ್."

"ಕಾಲು ಆಕ್ಸಿಲರೇಟರ್ ಮ್ಯಾಲೇ ಇದ್ರೂ?"

"ಇದ್ರೂ. ಆದ್ರೆ ಸ್ಪೀಡ್ ತುಂಬಾ ಇದ್ರೆ, ಟೈರ್ ಸವೆದಿದ್ರೆ ಅದಕ್ಕೂ ಆಗೂದಿಲ್ಲ. ಜಾದೂ ಅಲ್ಲ ಅದು."

ಕಾಶಿನಾಥ ಶೆಟ್ಟರು ನಕ್ಕರು. "ಹಾಗಾದ್ರೆ ಇನ್ನು ಗುಡುಸಾಬನ ಸಂಬಳ ಆ ಲೈಟಿಗೆ ಕೊಡುವ. ಮಗಾ, ಯಂತ್ರ ಎಂತದೇ ಮಾಡ್ಲಿ, ಬಟ್ಟೆ ಒಣಗಿತ್ತೋ ಇಲ್ವೋ? ಅದು ಮನುಷ್ಯನ ಕೆಲಸ."

"ಇಬ್ಬರದ್ದೂ ಅಲ್ಲ," ಎಂದಳು ಶೀಲಾವತಿಯಮ್ಮ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಊರಿನ ದೈವಸ್ಥಾನದ ಗಂಧದ ಪೊಟ್ಟಣ ಇಟ್ಟವಳು ಅವಳೇ. "ದೈವ ಕಾದದ್ದು. ನಾಗರಪಂಚಮಿಗೆ ಊರಿಗೆ ಹೋಗಿ ನಾಗನಿಗೆ ಹಾಲು, ತನು ಎರೆಯುವ ಅಂತ ಹೇಳಿಕೊಂಡಿದ್ದೇನೆ. ರೈಲು ಬೇಡ. ನಾನು, ಯಕ್ಷಿತಾ, ಕಾರಲ್ಲೇ. ಸಾಯ್ಬರೇ, ನೀವೇ ಕರಕೊಂಡು ಹೋಗಬೇಕು. ನಿಮ್ಮ ಕಾಲಿನ ಮೇಲೆ ನನಗೆ ಭರವಸೆ ಉಂಟು."

ರಾತ್ರಿ ಹಜರತಬಿಗೆ ಹೇಳಿದರೆ ಅವಳದು ಇನ್ನೊಂದೇ ಲೆಕ್ಕ. ಕಲಬುರ್ಗಿಯ ದರ್ಗಾಕ್ಕೆ ಹರಕೆ ಹೊತ್ತಿದ್ದಳಂತೆ, ಅದರಿಂದಲೇ ಉಳಿದದ್ದಂತೆ. ಒಂದು ಗಾಡಿ ನೆಟ್ಟಗಾದದ್ದಕ್ಕೆ ನಾಲ್ಕು ಮಂದಿ ವಾರಸುದಾರರಾದರು. ಅವರಲ್ಲಿ ಗುಡುಸಾಬನ ಕಾಲೂ ಒಂದು, ಮತ್ತು ಆ ಕಾಲಿನ ಬಗ್ಗೆ ಖಾತ್ರಿ ಇಲ್ಲದವನು ಗುಡುಸಾಬ ಒಬ್ಬನೇ.

"ಘಾಟಿನಾಗ ಮಳಿ, ಮಣ್ಣು, ತಿರುವು," ಎಂದ ಅವನು. "ಮುದುಕಿ, ಆ ಹುಡುಗಿ. ನನ್ನ ಕಾಲು ಎಲ್ಲೈತಿ ಅಂತ ನನಗ ತಿಳೀದಿದ್ರ?"

"ಹೇಳಿಬಿಡ್ರಿ ಮತ್ತ. ನಾಳಿಂದ ಮನಿಯಾಗ ಕುಂದರ್ರಿ," ಎಂದು ಹಜರತಬಿ ರೊಟ್ಟಿಯ ಬುಟ್ಟಿ ಸರಿಸಿದಳು. ಮತ್ತೆ ಅದನ್ನು ಅವನ ಮುಂದೆ ತಳ್ಳಿ, "ಗಾಡಿಯಾಗ ಅದೇನೋ ಐತೆಲ್ಲ, ಕಾಯೋದು. ಅದು ಕಾಯತದ ಬಿಡ್ರಿ," ಎಂದಳು.

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಗಾಡಿ ಕಾಯುತ್ತದೆ. ಆದರೆ ಎಷ್ಟರವರೆಗೆ ಕಾಯುತ್ತದೆ ಎಂಬುದು ಗೊತ್ತಿಲ್ಲ. ತಾನೇ ಬ್ರೇಕ್ ಒತ್ತಿದ್ದರೆ ಘಾಟಿಗೂ ಹೆದರಬೇಕಿಲ್ಲ. ಒತ್ತದೆ ಇದ್ದರೆ ದಹಿಸರಿಗೂ ಹೋಗಬಾರದು. ಗುಡುಸಾಬ ಮರುದಿನದಿಂದ ಓಡಿಸುತ್ತಲೇ ಕಾಲನ್ನು ಬಗ್ಗಿ ಬಗ್ಗಿ ನೋಡತೊಡಗಿದ. ಕಾಲು ನೋಡುವಾಗ ರಸ್ತೆ ತಪ್ಪುತ್ತಿತ್ತು, ರಸ್ತೆ ನೋಡುವಾಗ ಕಾಲು. ಒಮ್ಮೆ ಗೋರೆಗಾಂವ್ ಸಿಗ್ನಲ್ಲಿನಲ್ಲಿ ಆಟೋದವನೊಬ್ಬ "ಕ್ಯಾ ಗಿರ್ ಗಯಾ ಚಾಚಾ, ದಾಂತ್?" ಎಂದು, ಹಲ್ಲು ಬಿತ್ತೇನೋ ಎಂಬಂತೆ, ಕೇಳಿ ಹೋದ.

ಭಾನುವಾರ ಮಧ್ಯಾಹ್ನ ಯಕ್ಷಿತಾಗೆ ಡ್ರೈವಿಂಗ್ ಕಲಿಸುವುದು ಮೊದಲಿನಿಂದ ನಡೆದು ಬಂದಿತ್ತು. ದಹಿಸರ್ ಚೆಕ್‌ನಾಕಾದ ಹತ್ತಿರ ಬಾಗಿಲು ಮುಚ್ಚಿದ ಗೋಡೌನಿನ ಹಿಂದೆ ಕಾಂಕ್ರೀಟಿನ ಅಂಗಳವೊಂದಿತ್ತು. ಮೇಲೆ ಪಾಚಿ, ಒಂದು ಮೂಲೆಯಲ್ಲಿ ಜಲ್ಲಿಯ ಗುಡ್ಡೆ. ಕಲಿಸುವಾಗ ಹಿಂದೆ ಒಂದು ಪಾತ್ರೆ ನೀರು ಇಟ್ಟು ಬಟ್ಟೆ ಕಟ್ಟುತ್ತಿದ್ದ. ಇಲ್ಲಿಯವರೆಗೆ ಅವಳು ಒದ್ದೆ ಮಾಡದೆ ಇಳಿದದ್ದೇ ಇಲ್ಲ.

ಆ ಭಾನುವಾರ ಅವನು ಡ್ರೈವರ್ ಸೀಟು ಬಿಟ್ಟು ಇಳಿಯಲಿಲ್ಲ.

"ಇವತ್ತ ನಾ ಓಡಸ್ತೀನಿ. ನೀ ರಸ್ತೆ ನೋಡಬ್ಯಾಡ ಬೇಟಿ, ನನ್ನ ಬಲಗಾಲು ನೋಡು. ಬೆಲ್ಟ್ ಹಾಕ್ಕೋ. ನಾ ಬ್ರೇಕ್ ಅಂತ ಅಂದಾಗ ಅದು ಎಲ್ಲೈತಿ ಅಂತ ಹೇಳು."

"ಯಾಕೆ?"

"ಹೇಳತೀನಿ, ಮೊದಲು ನೋಡು."

ಅವಳು ನಕ್ಕಳು. ಚಾಚಾ ಏನೋ ಆಟ ಕಲಿಸುತ್ತಿದ್ದಾನೆ ಎಂದುಕೊಂಡಳು. ಅವನು ಉದ್ದಕ್ಕೆ ಓಡಿಸಿ, ಪಾಚಿಯ ಮೇಲೆ ಗಕ್ಕನೆ ತಿರುಗಿಸಿ "ಬ್ರೇಕ್" ಎಂದ. ಕಟಕಟ ಸದ್ದು, ಹಳದಿ ಮಿಣುಕು, ಗಾಡಿ ನೆಟ್ಟಗಾಗಿ ನಿಂತಿತು.

"ಬ್ರೇಕ್ ಮೇಲೇ ಇದೆ," ಎಂದಳು ಯಕ್ಷಿತಾ.

ಎರಡನೆಯ ಸಲವೂ ಹಾಗೆಯೇ. ಗುಡುಸಾಬ ಇಳಿದು ಹೋಗಿ ಬಟ್ಟೆ ಮುಟ್ಟಿದ. ಒಣಗಿತ್ತು. ಎದೆಯ ಮೇಲಿನ ಕಲ್ಲು ಅರ್ಧ ಸರಿದಂತಾಯಿತು, ಪೂರ್ತಿ ಸರಿಯಲಿಲ್ಲ. ಗಾಡಿ ನಿಂತದ್ದು ಕಾಲಿನಿಂದಲೋ ಮಿಣುಕಿನಿಂದಲೋ ಈಗಲೂ ಬಿಡಿಸಲು ಬರುತ್ತಿರಲಿಲ್ಲ. ಇಬ್ಬರು ಸೇರಿ ಎತ್ತಿದ ಮೂಟೆಯ ಭಾರ ಯಾರ ಹೆಗಲ ಮೇಲೆ ಎಷ್ಟು ಬಿತ್ತೆಂದು ಯಾರು ಹೇಳುತ್ತಾರೆ? ಒಬ್ಬರು ಬಿಟ್ಟರೆ ತಿಳಿಯುತ್ತದೆ.

ಸ್ಟೀರಿಂಗಿನ ಬಲಗಡೆ, ಮೊಣಕಾಲಿನ ಹತ್ತಿರ, ಅದೇ ಕಾರಿನ ಚಿತ್ರವಿದ್ದ ಗುಂಡಿಯೊಂದಿತ್ತು. ಕೆಸರಿನಲ್ಲಿ ಸಿಕ್ಕಿಬಿದ್ದಾಗ ಮಾತ್ರ ಒತ್ತಬೇಕು ಎಂದು ಶೋರೂಮಿನವರು ಹೇಳಿದ್ದರು. ಅವನು ಅದನ್ನು ಒತ್ತಿ ಹಿಡಿದ. ಹಳದಿ ದೀಪ ಹತ್ತಿಕೊಂಡು, ಕೆಳಗೆ ಆಫ್ ಎಂದು ಮೂಡಿ ನಿಂತಿತು.

"ಚಾಚಾ, ಬೇಡ, ಯೇ ಮತ್ ಕರೋ."

"ಕಾಲು ನೋಡು."

ಅವಳನ್ನು ಇಳಿಸಿ ಈ ಪರೀಕ್ಷೆ ಮಾಡಬೇಕಿತ್ತು. ಆದರೆ ಅವಳು ಇಳಿದರೆ ಕಾಲು ನೋಡುವವರು ಯಾರು ಎಂದು ಅವನು ಯೋಚಿಸಿದ. ಬೇರೆ ಯೋಚನೆ ಬಂದದ್ದು ಆಮೇಲೆ.

ಉದ್ದಕ್ಕೆ ಓಡಿಸಿದ. ತಿರುಗಿಸಿದ. ಹಿಂಭಾಗ ಜಾರಿತು. "ಬ್ರೇಕ್," ಎಂದು ಒತ್ತಿದ. ಗಾಡಿ ನಿಧಾನವಾಗಲಿಲ್ಲ. ಇಷ್ಟು ದಿನ ಸದ್ದೇ ಮಾಡದಿದ್ದ ಇಂಜಿನ್ ಮೊದಲ ಬಾರಿ ಕಿರುಚಿತು.

"ಬ್ರೇಕ್ ಚಾಚಾ!"

"ಬ್ರೇಕೇ ಒತ್ತೇನಿ!"

"ನಹೀಂ! ಆಕ್ಸಿಲರೇಟರ್! ಕಾಲು ತೆಗೀರಿ!"

ಅವನು ಇನ್ನಷ್ಟು ಒತ್ತಿದ. ಅಂಗಳ, ಗೋಡೌನು, ಮಳೆಯ ಆಕಾಶ ಎಲ್ಲ ಒಂದು ಸುತ್ತು ತಿರುಗಿದವು. ಹಿಂದೆ ಪಾತ್ರೆ ಉರುಳಿತು. ಎಡ ಮೂಲೆ ಜಲ್ಲಿಯ ಗುಡ್ಡೆಗೆ ಹೊಕ್ಕು ಗಾಡಿ ನಿಂತಿತು. ಯಕ್ಷಿತಾ ಕೈ ಚಾಚಿ ಬಟನ್ ಒತ್ತಿ ಇಂಜಿನ್ ಆರಿಸಿದಳು. ಇಬ್ಬರಿಗೂ ಎಲ್ಲೂ ಪೆಟ್ಟಾಗಿರಲಿಲ್ಲ.

ಗುಡುಸಾಬ ಬಗ್ಗಿ ನೋಡಿದ. ಕಾಲು ಇನ್ನೂ ಆಕ್ಸಿಲರೇಟರಿನ ಮೇಲೇ ಇತ್ತು, ಬೇರೆ ಯಾರದೋ ಕಾಲಿನ ಹಾಗೆ. ಬಾಗಿಲು ತೆರೆದು ಇಳಿದ. ಗುಡ್ಡೆಯ ಸುತ್ತ ನಡೆದು, ಒಡೆದ ದೀಪ, ಮುರಿದ ಕನ್ನಡಿ ನೋಡಿದ. ಮತ್ತೆ ಬಂದು ಕೂತು ಅವಳಿಗೆ ಎಲ್ಲ ಹೇಳಿದ: ಸಕ್ಕರೆ, ಚಪ್ಪಲಿ, ತಗಡಿನ ಚೂರು.

"ಹಾಗಾದ್ರೆ ಆವತ್ತು ಅಜ್ಜಿ ಜೊತೆ?" ಎಂದು ಕೇಳಿದಳು.

"ಅದ ತಿಳೀವಲ್ದು."

ಅವಳು ತನ್ನ ಬೆಲ್ಟ್ ಬಿಚ್ಚಿದಳು. ಆಮೇಲೆ ಅವನನ್ನು ಪಕ್ಕದ ಸೀಟಿಗೆ ಕಳಿಸಿ, ಎಲ್ ಬೋರ್ಡಿನ ಗಾಡಿಯನ್ನು ತಾನೇ ನಿಧಾನವಾಗಿ ಹೊರಡಿಸಿದಳು. ಇಂಜಿನ್ ಹತ್ತುತ್ತಲೇ ಆಫ್ ಎಂಬುದು ತಾನಾಗಿ ಅಳಿಸಿಹೋಯಿತು.

ದಹಿಸರ್ ಬ್ರಾಂಚಿನ ಅಡುಗೆಮನೆಯಲ್ಲಿ ಶೆಟ್ಟರೂ ಇದ್ದರು, ಶೀಲಾವತಿಯಮ್ಮನೂ ಇದ್ದಳು. ಸಂಜೆಯ ವಡೆಗೆ ಗ್ರೈಂಡರ್ ಹಿಟ್ಟು ರುಬ್ಬುತ್ತಿತ್ತು. ಗಾಡಿ ನೋಡಿ ಬಂದ ದೂಜಣ್ಣ ಬಾಯಿ ತೆರೆಯುವ ಮೊದಲೇ ಯಕ್ಷಿತಾ ಹೇಳಿದಳು: "ನಾನು ಓಡಿಸ್ತಿದ್ದೆ ಪಪ್ಪಾ. ಸ್ಕಿಡ್ ಆಯ್ತು."

ಗುಡುಸಾಬ ಅವಳ ಮುಖ ನೋಡಿದ. ಅವಳು ನೋಡಲಿಲ್ಲ. ಕೃತಜ್ಞತೆ ಹುಟ್ಟಬೇಕಿತ್ತು, ಹುಟ್ಟಲಿಲ್ಲ. ಗೊಂದಲ ಮಾತ್ರ ಹೆಚ್ಚಿತು. ಕಾಯುವವರ ಸಾಲಿನಲ್ಲಿ ಈಗ ಇವಳೂ ಸೇರಿದಳು.

"ಪರವಾಗಿಲ್ಲ ಮಗಾ," ಎಂದರು ಶೆಟ್ಟರು. "ಕಲಿಯುವಾಗ ಆಗ್ತದೆ. ಪಕ್ಕದಲ್ಲಿ ಗುಡುಸಾಬ ಇದ್ದನಲ್ಲ, ಅದಕ್ಕೆ ಇಷ್ಟರಲ್ಲೇ ಹೋಯ್ತು."

"ದೃಷ್ಟಿ ತಾಗಿದ್ದು," ಎಂದಳು ಶೀಲಾವತಿಯಮ್ಮ. "ಪಂಚಮಿಗೆ ಮೊದಲು ಗಾಡಿಯ ಸುತ್ತ ಒಂದು ನಿಂಬೆಹಣ್ಣು ಸುಳಿದು ಹಾಕುವ. ಸಾಯ್ಬರೇ, ನೀವು ಬೇಜಾರು ಮಾಡಬೇಡಿ. ಊರಿಗೆ ನೀವೇ." ಅಷ್ಟು ಹೇಳಿ ಅವಳು ನೆಲ ನೋಡಿದಳು. "ಎಂತ ಇದು? ಒಂದು ಚಪ್ಪಲಿ ಎಲ್ಲಿ?"

ಎಲ್ಲರೂ ನೆಲ ನೋಡಿದರು. ಬಾಗಿಲಿನಿಂದ ಅವನು ನಿಂತ ಜಾಗದವರೆಗೆ ಬಿಳಿ ಟೈಲ್ಸಿನ ಮೇಲೆ ಒಂದು ಪಾದದ ಗುರುತು ಸಾಲಾಗಿ ಬಂದಿತ್ತು. ಕೆಂಪು. ಗುಡುಸಾಬನ ಎಡಗಾಲಿನಲ್ಲಿ ಚಪ್ಪಲಿ ಇತ್ತು, ಬಲಗಾಲು ಬರಿದಾಗಿತ್ತು.

ದೂಜಣ್ಣ ಅವನನ್ನು ಅಕ್ಕಿಯ ಮೂಟೆಯ ಮೇಲೆ ಕೂರಿಸಿ ಕಾಲೆತ್ತಿದ. ಅಂಗಾಲಿನಲ್ಲಿ ಹೆಡ್‌ಲೈಟಿನ ಚೂರು ಉಗುರಿನಷ್ಟು ಒಳಗೆ ಹೋಗಿತ್ತು. "ನೋಯೂದಿಲ್ವಾ ಮಾರಾಯ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎಳೆದ. ಗುಡುಸಾಬನ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ದೂಜಣ್ಣನ ಕೈ ಹಾಗೇ ನಿಂತಿತು.

ಶೆಟ್ಟರು ಗ್ರೈಂಡರ್ ಆರಿಸಿದರು.

"ಎಷ್ಟು ಸಮಯದಿಂದ?" ಎಂದು ಶೆಟ್ಟರು ಕೇಳಿದರು.

"ಭಾಳ ದಿನ ಆತ್ರಿ ಶೆಟ್ರ."

"ಹಾಗಾದ್ರೆ ಬಟ್ಟೆ?" ಶೆಟ್ಟರಿಗೆ ಅದೇ ಬಿಡಿಸಲಾಗದ ಗಂಟು. "ದಿನಾ ಒಣಗಿತ್ತಲ್ಲ ಮಾರಾಯ, ದೂಜ ಮುಟ್ಟಿ ನೋಡಿದ್ದಾನಲ್ಲ!"

"ಬಟ್ಟೀದು ನನಗೂ ತಿಳೀವಲ್ದುರಿ. ಇವತ್ತು ಓಡಿಸಿದಾವ ನಾನೇ, ಬೇಟಿ ಅಲ್ಲ. ಬ್ರೇಕ್ ಅಂತ ಒತ್ತಿದ್ದು ಬ್ರೇಕ್ ಆಗಿರಲಿಲ್ಲ."

ಶೀಲಾವತಿಯಮ್ಮ ಎದ್ದು ಒಳಗೆ ಹೋಗಿ ಪಾತ್ರೆಗೆ ಕಟ್ಟುವ ಬಿಳಿ ಬಟ್ಟೆಯೊಂದನ್ನು ತಂದು ದೂಜಣ್ಣನ ಕೈಗೆ ಕೊಟ್ಟಳು. ಅವನು ಅದನ್ನು ಕಾಲಿಗೆ ಸುತ್ತಿದ. ಅದು ಬೇಗನೆ ಒದ್ದೆಯಾಯಿತು.

"ನಾಳೆಯಿಂದ ಪಾರ್ಸೆಲ್ ಕೌಂಟರಿಗೆ ಬಾ," ಎಂದರು ಶೆಟ್ಟರು. ಸ್ವಲ್ಪ ಯೋಚಿಸಿ, "ಮೊದಲು ಕಾಲು ತೋರಿಸು. ಆಮೇಲೆ ನೋಡುವ," ಎಂದರು. ಆಮೇಲೆ ನೋಡುವ ಎಂಬ ಮಾತಿನ ಅರ್ಥ ಆ ಅಡುಗೆಮನೆಯಲ್ಲಿ ಎಲ್ಲರಿಗೂ ತಿಳಿದದ್ದೇ.

ಗಾಡಿಯ ಚಾವಿ ಯಕ್ಷಿತಾಳ ಕೈಯಲ್ಲೇ ಇತ್ತು, ಮರಳಿಸುವ ಶ್ರಮವೂ ಅವನಿಗೆ ಬೀಳಲಿಲ್ಲ. ದೂಜಣ್ಣನ ಹಳೆಯ ರಬ್ಬರ್ ಚಪ್ಪಲಿ ಹಾಕಿಕೊಂಡು ದಹಿಸರ್ ಸ್ಟೇಷನ್ನಿನತ್ತ ಕುಂಟದೆಯೇ ನಡೆದ. ಕುಂಟಲು ನೋವು ಬೇಕು. ಲೋಕಲ್ಲಿನಲ್ಲಿ ಜನರ ನಡುವೆ ನಿಂತು ಮತ್ತೆ ಅದನ್ನೇ ಯೋಚಿಸಿದ: ಆ ದಿನ, ಫ್ಲೈಓವರಿನ ಮೇಲೆ, ಮುದುಕಿ ದೈವವೇ ಎಂದಾಗ ಕಾಲು ಎಲ್ಲಿತ್ತು? ಗಾಡಿಗೆ ಗೊತ್ತಿದ್ದೀತು, ಅದು ಯಾರಿಗೂ ಹೇಳುವುದಿಲ್ಲ. ಮೂರು ಸಲದಲ್ಲಿ ಎರಡು ಸಲ ಬ್ರೇಕಿನ ಮೇಲಿತ್ತು, ಒಂದು ಸಲ ಇರಲಿಲ್ಲ. ಆ ದಿನದ್ದು ಯಾವ ಸಲದ್ದೋ ತಿಳಿಯಲಿಲ್ಲ.

ಹೋದದ್ದು ಇಷ್ಟು: ಎಡಗಡೆಯ ಹೆಡ್‌ಲೈಟು ಒಂದು, ಪಕ್ಕದ ಕನ್ನಡಿ ಒಂದು, ನೀರು ಒಂದು ಪಾತ್ರೆ, ಬಲಗಾಲಿನ ಚಪ್ಪಲಿ ಒಂದು, ನೌಕರಿ ಒಂದು.